ಬೇಲಿಯ ನಡುವೆ ನಿಲ್ಲುವಷ್ಟು ಜಾಗ

ಸತ್ತ ಗಿಡಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮಣ್ಣನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದಾಗ ಅವನಿಗೆ ಹೊಳೆದದ್ದು ಗಿಡದ ವಿಷಯವೇ ಅಲ್ಲ. ಈ ಜಾಗಕ್ಕೆ ತಾನು ಕೆಲಸದ ದಿನ ಬಂದಿರುವುದು ಇದೇ ಮೊದಲು ಎಂಬುದು. ನಕ್ಷೆ ಬರೆಯುವ ಮುಂಚೆ ಅಳತೆಗೆ ಬಂದದ್ದು ಭಾನುವಾರ. ಗಿಡ ನೆಡಿಸಿದ್ದು ಭಾನುವಾರಗಳಲ್ಲಿ, ಏಕೆಂದರೆ ಕೌಟುಂಬಿಕ ನ್ಯಾಯಾಲಯ ನಡೆಯುವ ದಿನ ಅಂಗಳದಲ್ಲಿ ಗುದ್ದಲಿ ಸದ್ದು ಕೂಡದು ಎಂದು ಕಚೇರಿಯ ಮೇಲ್ವಿಚಾರಕರು ಕಟ್ಟುನಿಟ್ಟಾಗಿ ಹೇಳಿಬಿಟ್ಟಿದ್ದರು. ಫೋಟೋ ತೆಗೆಸಿದ್ದೂ ಭಾನುವಾರವೇ, ಜನರ ಕಾಟವಿಲ್ಲದೆ, ಎಳೆಬಿಸಿಲಿನಲ್ಲಿ. "ಭಾನುವಾರ ಬಂದ್ರೆ ಸಾಕು, ನಿಮ್ಮ ಸಂಸಾರ ಎಲ್ಲಾ ಗಿಡಗಳ ಜೊತೆ" ಎಂದು ಹೆಂಡತಿ ಗೇಲಿ ಮಾಡುತ್ತಿದ್ದಳು. ಹೀಗಾಗಿ ಅವನ ತಲೆಯೊಳಗೆ ಈ ಅಂಗಳ ಯಾವಾಗಲೂ ಖಾಲಿ. ಕಟ್ಟಡದ ಬಾಗಿಲಿನಿಂದ ಗೇಟಿನವರೆಗೆ ಬಳುಕಿಕೊಂಡು ಹೋಗುವ ಒಂದೇ ಒಂದು ಕಲ್ಲುಹಾಸಿನ ದಾರಿ, ದಾರಿಯ ಪಕ್ಕ ಎದೆಮಟ್ಟದ ಬೇಲಿಗಿಡ, ತಿರುವುಗಳಲ್ಲಿ ಎದುರುಬದುರಾಗಿ ಕೂರಿಸಿದ ಬೆಂಚುಗಳು, ಮೇಲೆ ನೆರಳು. ಇವತ್ತು ಅದೇ ದಾರಿಯ ತುಂಬ ಜನ ಓಡಾಡುತ್ತಿದ್ದರು. ಕರೀ ಕೋಟಿನ ವಕೀಲರು, ಫೈಲು ಅವಚಿಕೊಂಡವರು, ಸುಮ್ಮನೆ ನಿಂತವರು. ಇವರೆಲ್ಲ ಎಲ್ಲಿಂದ ಬಂದರು ಎಂದು ಅವನಿಗೆ ಒಂದು ಕ್ಷಣ ನಿಜಕ್ಕೂ ಆಶ್ಚರ್ಯವಾಯಿತು. ಆಮೇಲೆ ಆ ಆಶ್ಚರ್ಯಕ್ಕೇ ನಾಚಿಕೆಯಾಯಿತು.

"ನೋಡಿದ್ರಾ ಗಿಡದ ಸಾರ್? ಮೂರನೇ ಸಲ ಸಾಯ್ತಿರೋದು. ಅದೇ ಜಾಗ" ಎಂದರು ಮೇಲ್ವಿಚಾರಕರು, ಅವನ ತಲೆಯ ಮೇಲಿನಿಂದ. ಬಿಸಿಲಿಗೆ ಅವರು ಕೊಡೆ ಹಿಡಿದಿದ್ದರು. ಅದರ ನೆರಳು ಅವರಿಗೆ ಮಾತ್ರ ಸಾಲುತ್ತಿತ್ತು. ಕಾರ್ಡಿನ ಮೇಲೆ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೂ ಈ ಕಟ್ಟಡದಲ್ಲಿ ಎಲ್ಲರಿಗೂ ಅವನು ಗಿಡದ ಸಾರ್. "ಕೊನೇಲಿ ಸ್ವಲ್ಪ ಹಸಿರು ಹಚ್ಚೋದು ಇವರ ಕೆಲಸ" ಎಂದು ಕಟ್ಟಡದ ಆರ್ಕಿಟೆಕ್ಟ್ ನ್ಯಾಯಾಧೀಶರ ಮುಂದೆ ಪರಿಚಯಿಸಿದ ದಿನವೇ ಅದು ಅಂಟಿಕೊಂಡಿತ್ತು.

"ಮೂರನೇ ಸಲ ನೆಟ್ಟಿದ್ದೂ ನಾನೇ ಅಲ್ವಾ ಸ್ವಾಮಿ!" ಎಂದು ನರ್ಸರಿಯವನು ಸಿಡುಕಿದ. "ಇದೇ ಗಿಡ ಆ ತುದಿಗೂ ಇದೆ, ಈ ತುದಿಗೂ ಇದೆ. ಅಲ್ಲೆಲ್ಲ ಜಮ್ ಅಂತ ಬೆಳೆದಿದೆ. ಇಲ್ಲಿ ಮಾತ್ರ ಸಾಯುತ್ತೆ ಅಂದ್ರೆ ನನ್ನ ಗಿಡದ ತಪ್ಪಾ? ಕಟ್ಟಡದವರು ಸಿಮೆಂಟು ಕಸ ಇಲ್ಲೇ ಹೂತಿದ್ದಾರೆ, ಬರೆದಿಟ್ಟುಕೊಳ್ಳಿ."

"ಸಿಮೆಂಟೂ ಇಲ್ಲ ಗಿಮೆಂಟೂ ಇಲ್ಲ. ನಾಯಿಗಳು ನುಗ್ತವೆ ಅಂತ ಕಾವಲಿನವನು ಹೇಳ್ತಾನೆ. ಗಟ್ಟಿ ಗಿಡ ಆಗಿದ್ರೆ ತಡ್ಕೊಳ್ತಿತ್ತು. ಕಡ್ಡಿ ಹಾಗಿರೋದು ತಂದು ನೆಟ್ಟರೆ ಇನ್ನೇನಾಗುತ್ತೆ?"

ಇಬ್ಬರೂ ಅವನ ಕಡೆ ತಿರುಗಿದರು. ನೆಟ್ಟ ಮೇಲೆ ಒಂದು ವರ್ಷ ಗಿಡಗಳ ಹೊಣೆ ನರ್ಸರಿಯವನದು. ಆ ವರ್ಷ ಮುಗಿಯುತ್ತಿತ್ತು. ಕೆಲಸ ಸರಿಯಾಗಿದೆಯೋ ಇಲ್ಲವೋ, ಸರಿಯಿಲ್ಲದಿದ್ದರೆ ತಪ್ಪು ಯಾರದು ಎಂದು ನಾಳೆ ಬೆಳಿಗ್ಗೆಯೊಳಗೆ ಬರೆದು ಸಹಿ ಹಾಕಬೇಕಾದವನು ಗಿಡದ ಸಾರ್. ತಪ್ಪು ನರ್ಸರಿಯವನದೆಂದು ಬರೆದರೆ ಅವನ ಹೆಸರು ಸರ್ಕಾರಿ ಕೆಲಸಗಳ ಪಟ್ಟಿಯಿಂದ ಹೋಗುತ್ತದೆ. ಆ ಮನುಷ್ಯನಿಗೆ ಬೇರೆ ಕೆಲಸ ಗೊತ್ತಿಲ್ಲ. ಒಂದು ಕಡೆ ಕೆಲಸ ಕೊಟ್ಟವರು, ಇನ್ನೊಂದು ಕಡೆ ಕೆಲಸ ಮಾಡಿದವನು, ನಡುವೆ ಯಾರ ಪಕ್ಷವನ್ನೂ ಹಿಡಿಯಬಾರದ ತಾನು: ಇದನ್ನು ಕಾಲೇಜಿನಲ್ಲಿ ಒಂದೇ ಮಧ್ಯಾಹ್ನದಲ್ಲಿ ಪಾಠ ಮಾಡಿ ಮುಗಿಸಿದ್ದರು. ತಪ್ಪು ತನ್ನ ನಕ್ಷೆಯದೇ ಆಗಿದ್ದರೆ ನಡುವೆ ನಿಂತವನು ಯಾವ ಕಡೆ ಸರಿಯಬೇಕು ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಅವನು ಮತ್ತೆ ಮಣ್ಣು ಒತ್ತಿದ. ಸಿಮೆಂಟಿನ ಗುರುತಿಲ್ಲ. ಬೇಲಿಯ ಸಾಲಿನಲ್ಲಿ ಇಲ್ಲೊಂದು ಸಂದು, ಅವನ ಮೊಣಕಾಲಿಗಿಂತ ಸ್ವಲ್ಪ ಎತ್ತರದವರೆಗೆ ಕೊಂಬೆಗಳಿಲ್ಲ. ಅದರ ಮೇಲೆ ಎರಡೂ ಬದಿಯ ಗಿಡಗಳು ಕೂಡಿಕೊಂಡು ಚೆನ್ನಾಗಿಯೇ ಹಸಿರಾಗಿದ್ದವು. ಸಂದಿನ ಆಚೆ, ಬೇಲಿಗೂ ಕಾಂಪೌಂಡ್ ಗೋಡೆಗೂ ನಡುವೆ, ಯಾರೂ ಹೋಗಬೇಕಾಗಿಯೇ ಇಲ್ಲದ ಪಟ್ಟಿ ನೆಲದಲ್ಲಿ ಕಾಲ್ದಾರಿಯೊಂದು ಸ್ಪಷ್ಟವಾಗಿ ಬಿದ್ದಿತ್ತು. ಅದೂ ಇರಲಿ. ಅವನನ್ನು ಕಾಡಿದ್ದು ಸಂದಿನ ನಡುವಿನ ನೆಲ. ನಾಯಿ ನುಗ್ಗಿದ್ದರೆ ಮಣ್ಣು ಉದ್ದಕ್ಕೆ ಸವೆಯಬೇಕು. ಇಲ್ಲಿ ಅದು ಗುಂಡಗೆ, ತಟ್ಟೆಯಷ್ಟು ಅಗಲ, ಗಟ್ಟಿಯಾಗಿ ಕೂತಿತ್ತು. ಇದು ನುಗ್ಗಿದ ಗುರುತಲ್ಲ, ನಿಂತ ಗುರುತು. ಆದರೆ ಬೇಲಿಯ ಹೊಟ್ಟೆಯೊಳಗೆ ಯಾರು ನಿಲ್ಲುತ್ತಾರೆ?

"ನಾನು ಸ್ವಲ್ಪ ಹೊತ್ತು ಇಲ್ಲೇ ಕೂತಿರ್ತೀನಿ" ಎಂದ.

"ಕೂತು?" ಎಂದರು ಮೇಲ್ವಿಚಾರಕರು.

"ನೋಡ್ತೀನಿ."

"ಸತ್ತಿರೋದನ್ನ ಇನ್ನೇನು ನೋಡೋದು?" ಎಂದು ಗೊಣಗುತ್ತಾ ಅವರು ಕೊಡೆಯೊಂದಿಗೆ ಒಳಗೆ ಹೋದರು. ನರ್ಸರಿಯವನು ಚಪ್ಪಲಿಯ ಮಣ್ಣನ್ನು ದಾರಿಯ ಅಂಚಿಗೆ ಉಜ್ಜಿ ಹೊರಟುಹೋದ.

ಅವನು ಸಂದು ಕಾಣುವ ಹಾಗೆ ತಾನೇ ನಕ್ಷೆಯಲ್ಲಿ ಗುರುತಿಸಿದ್ದ ಬೆಂಚಿನ ಮೇಲೆ ಕೂತ. ಒರಗುವುದಕ್ಕೆ ಒಳ್ಳೆಯ ಬೆಂಚು. ಎದುರಿಗೆ ಇನ್ನೊಂದು, ಮಾತಾಡಿದರೆ ಕೇಳುವಷ್ಟು ಹತ್ತಿರ. ಈ ಎದುರುಬದುರು ಬೆಂಚುಗಳ ಬಗ್ಗೆ ಅವನು ನ್ಯಾಯಾಧೀಶರಿಗೆ ಒಂದು ಮಾತು ಹೇಳಿದ್ದ, ಅದು ಅವನಿಗೇ ಬಹಳ ಹಿಡಿಸಿತ್ತು. ಇಲ್ಲಿಂದ ಹೊರಬೀಳುವ ಗಂಡಹೆಂಡತಿ ಗೇಟಿನವರೆಗಾದರೂ ಒಂದೇ ದಾರಿಯಲ್ಲಿ ನಡೆಯಲಿ, ದಾರಿ ಬಳುಕಿದರೆ ನಡಿಗೆ ನಿಧಾನವಾಗುತ್ತದೆ, ನಿಧಾನವಾದರೆ ಒಂದು ಮಾತಾದರೂ ಹುಟ್ಟಬಹುದು. ನ್ಯಾಯಾಧೀಶರು ಕನ್ನಡಕ ತೆಗೆದು ತಲೆದೂಗಿದ್ದರು. ಕಟ್ಟಡದ ಆರ್ಕಿಟೆಕ್ಟ್ ಮೇಜಿನ ಕೆಳಗೆ ಹೆಬ್ಬೆರಳು ಎತ್ತಿ ತೋರಿಸಿದ್ದ. ಮನೆಗೆ ಬಂದು ಹೆಂಡತಿಗೂ ಅದೇ ಮಾತು ಹೇಳಿದಾಗ ಅವಳು ತೊಳೆದ ಬಟ್ಟೆ ಮಡಚುತ್ತಾ, "ಹೂಂ, ಕೇಳೋಕೆ ಚೆನ್ನಾಗಿದೆ" ಎಂದಿದ್ದಳು. ಆ 'ಕೇಳೋಕೆ' ಎಂಬುದು ಆಗ ಚುಚ್ಚಿರಲಿಲ್ಲ.

"ಮೊದಲ ಸಲ ಬಂದಿದ್ದೀರಾ?" ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ನಡುವಯಸ್ಸು, ಹೆಗಲಿಗೆ ಆಫೀಸಿನ ಚೀಲ, ಕೈಯಲ್ಲಿ ನೀರಿನ ಬಾಟಲಿ. "ಮುಖ ನೋಡಿದ್ರೇ ಗೊತ್ತಾಗುತ್ತೆ ಬಿಡಿ. ನಂದು ನಾಲ್ಕನೇ ವರ್ಷ."

ತಾನು ಕೇಸಿನವನಲ್ಲ ಎಂದು ಹೇಳಬೇಕೆಂದುಕೊಂಡ. ಹೇಳಿದರೆ ಅವಳು ಹೊರಟುಹೋಗಬಹುದು ಅನ್ನಿಸಿ, "ಹೌದು, ಮೊದಲ ಸಲ" ಎಂದ. ಒಂದು ರೀತಿಯಲ್ಲಿ ಸುಳ್ಳೂ ಆಗಿರಲಿಲ್ಲ.

"ಹಾಗಾದ್ರೆ ಇಲ್ಲಿ ಕೂರಬೇಡಿ. ಇಲ್ಲಿ ಯಾರೂ ಕೂರಲ್ಲ."

"ಯಾಕೆ? ನೆರಳಿದೆಯಲ್ಲ."

"ನೆರಳು ತಗೊಂಡು ಏನು ಮಾಡ್ತೀರಿ? ಅವರು ಬಂದು ಎದುರಿಗೇ ಕೂತ್ರೆ?" ಅವಳು ಎದುರಿನ ಬೆಂಚಿನ ಕಡೆ ಗಲ್ಲ ಎತ್ತಿದಳು. "ಯಾವ ಪುಣ್ಯಾತ್ಮ ಮಾಡಿಸಿದ್ನೋ ಇದನ್ನ. ಒಳಗೆ ಮುಖಾಮುಖಿ ನಿಲ್ಲಿಸಿದ್ದು ಸಾಲದು ಅಂತ ಹೊರಗೂ ಮುಖಾಮುಖಿ ಕೂರಿಸಿದಾನೆ. ಅವನಿಗೆ ಮದುವೆ ಆಗಿಲ್ಲ ಅನ್ಸುತ್ತೆ, ಪಾಪ."

"ಆಗಿದೆ" ಎಂಬ ಮಾತು ಅವನ ಬಾಯಿಂದ ಜಾರಿಬಿಟ್ಟಿತು. ಅವಳು ವಿಚಿತ್ರವಾಗಿ ನೋಡಿದಾಗ "ಆಗಿರಬಹುದು" ಎಂದು ತಿದ್ದಿದ. ಮುಖಕ್ಕೆ ಬಿಸಿ ಏರಿತು. ಆದರೆ ಅದರ ಹಿಂದೆಯೇ ಬೇರೆ ಏನೋ ಏರಿ ಬಂತು, ಬಾಲ್ಯದಲ್ಲಿ ಕಲ್ಲು ಎತ್ತಿ ಅಡಿಯಲ್ಲೇನಿದೆ ಎಂದು ಬಗ್ಗಿ ನೋಡುತ್ತಿದ್ದಾಗಿನಂಥ ಕುತೂಹಲ. "ಮತ್ತೆ ಎಲ್ಲರೂ ಹೇಗೆ ಹೋಗ್ತಾರೆ ಹೊರಗೆ? ದಾರಿ ಒಂದೇ ಇರೋದಲ್ವಾ?"

"ಒಂದೇ ಅಂತ ಯಾರು ಹೇಳಿದ್ದು?" ಎಂದು ನಕ್ಕಳು. "ನೋಡ್ತಿರಿ." ಒಳಗಿನಿಂದ ಹೆಸರು ಕೂಗಿದ್ದು ಕೇಳಿಸಿ ಬಾಟಲಿಯ ಮುಚ್ಚಳ ಬಿಗಿದು ಹೊರಟಳು.

ಮಧ್ಯಾಹ್ನದ ಹೊತ್ತಿಗೆ ಬಾಗಿಲು ತೆರೆದಾಗೆಲ್ಲ ಅವನು ಮೈಯೆಲ್ಲ ಕಣ್ಣಾಗಿ ನೋಡತೊಡಗಿದ್ದ. ನೀಲಿ ಅಂಗಿಯ ಒಬ್ಬ ಹೊರಬಂದ, ಹಿಂದೆಯೇ ಒಬ್ಬಳು. ಮೆಟ್ಟಿಲಿನ ಮೇಲೆ ಅವಳು ತಡೆದು ಚೀಲದಲ್ಲಿ ಇಲ್ಲದ್ದನ್ನು ಹುಡುಕಿದಳು. ನೀಲಿ ಅಂಗಿ ದಾರಿ ಹಿಡಿದು ಬಳುಕುಗಳನ್ನೆಲ್ಲ ಅಡ್ಡಡ್ಡ ಕತ್ತರಿಸಿಕೊಂಡು ಗೇಟು ಸೇರಿದ. ಅವಳು ಬೇಲಿಯ ಹಿಂದಿನ ಪಟ್ಟಿಯಲ್ಲಿ ತಲೆ ತಗ್ಗಿಸಿ ನಡೆದಳು. ಮುಂದಿನ ಜೋಡಿಯಲ್ಲಿ ಗಂಡಸೇ ಹಿಂದಿನ ದಾರಿ ಹಿಡಿದ, ಕಿವಿಗೆ ಸದ್ದಿಲ್ಲದ ಫೋನು ಒತ್ತಿಕೊಂಡು. ಯಾರು ಮುಂದೆ, ಯಾರು ಹಿಂದೆ ಎಂದು ಅವನು ತನ್ನೊಳಗೇ ಪಂದ್ಯ ಕಟ್ಟಿ ಬಹುತೇಕ ಸೋತ. ಅಳುವವರು ಹಿಂದೆ ಹೋಗುತ್ತಾರೆ ಎಂದುಕೊಂಡಿದ್ದ; ಅಳುವವರು ನಡುದಾರಿಯಲ್ಲೇ ಅತ್ತುಕೊಂಡು ಹೋದರು. ಬೆಂಚುಗಳ ಮೇಲೆ ಯಾರೂ ಕೂರಲಿಲ್ಲ, ಒಬ್ಬ ವಕೀಲ ಮಾತ್ರ ಒಂದರ ಮೇಲೆ ಕಾಲಿಟ್ಟು ಬೂಟಿನ ದಾರ ಕಟ್ಟಿಕೊಂಡ. ತಾನು ಬರೆದ ದಾರಿಗೆ ಇವರೆಲ್ಲ ಸೇರಿ ಒಂದು ತಿದ್ದುಪಡಿ ಬರೆದಿದ್ದಾರೆ, ಗುದ್ದಲಿಯೂ ಇಲ್ಲ, ನಕ್ಷೆಯೂ ಇಲ್ಲ. ಅದು ಅವಮಾನ ಎಂದು ಗೊತ್ತಿದ್ದೂ ಅವನಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಆದರೆ ಸಂದಿಗೆ ಇನ್ನೂ ಉತ್ತರ ಸಿಕ್ಕಿರಲಿಲ್ಲ. ಯಾರೂ ಅದರ ಹತ್ತಿರ ಸುಳಿದಿರಲಿಲ್ಲ, ನಾಯಿ ಕೂಡ.

ಒಬ್ಬ ಹುಡುಗಿ ಬಂದದ್ದು ಆಮೇಲೆ. ಎರಡು ಜಡೆ, ಶಾಲೆಯ ಬೂಟು. ಅಪ್ಪನ ಬೆರಳು ಹಿಡಿದು ದಾರಿಯಲ್ಲಿ ಬರುತ್ತಿದ್ದಳು. ಬೇಲಿಯ ಆಚೆ, ಅವರಿಗೆ ಸರಿಸಮವಾಗಿ, ಒಂದು ಹಳದಿ ಸೆರಗು ಕಾಣಿಸುತ್ತಾ ಮರೆಯಾಗುತ್ತಾ ನಡೆಯುತ್ತಿತ್ತು. ಸಂದಿನ ಹತ್ತಿರ ಅಪ್ಪ ನಿಂತ. ನೇರ ಬೇಲಿಯನ್ನೇ ನೋಡುತ್ತಾ, ಸಣ್ಣ ದನಿಯಲ್ಲೇನೂ ಅಲ್ಲ, "ಹೋಗಿ ನಿಮ್ಮಮ್ಮನಿಗೆ ಹೇಳು. ಶನಿವಾರ ಆರು ಗಂಟೆ ಅಂದ್ರೆ ಆರು ಗಂಟೆ. ಹೋದ್ಸಲದ ಹಾಗೆ ಕಾಯಿಸಿದ್ರೆ ನಾನು ಸುಮ್ನಿರಲ್ಲ ಅಂತ ಹೇಳು" ಎಂದ. ಹುಡುಗಿ ಬೆರಳು ಬಿಟ್ಟು, ಬಗ್ಗಿ, ಅಭ್ಯಾಸವಾದವರ ಹಾಗೆ ಸಂದಿನೊಳಗೆ ತೂರಿದಳು. ಆಚೆ ಹೊರಬರಲಿಲ್ಲ. ಎಲೆಗಳ ನಡುವೆ ಅವಳ ಬೂಟುಗಳು ಮಾತ್ರ ಕಾಣುತ್ತಿದ್ದವು, ಆ ಗುಂಡನೆಯ ಗಟ್ಟಿ ಮಣ್ಣಿನ ಮೇಲೆ ಜೋಡಿಸಿಟ್ಟಂತೆ. ಒಂದು ಬೂಟಿನ ತುದಿ ಇನ್ನೊಂದನ್ನು ಮೆಲ್ಲಗೆ ತುಳಿಯಿತು. ಆಮೇಲೆ ಅವಳ ದನಿ ಕೇಳಿಸಿತು: "ಅಮ್ಮಾ, ಶನಿವಾರ ಬೇಗ ಬರಬೇಕಂತೆ. ಅಪ್ಪ ಆರು ಗಂಟೆಯಿಂದಾನೇ ಕಾಯ್ತಾ ಇರ್ತಾರಂತೆ."

ತಾನು ಬೆಳೆದ ಮನೆ ಅವನ ಕಣ್ಣಿಗೆ ಕಟ್ಟಿತು. ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಅಪ್ಪನ ಹೊಲಿಗೆ ಮಿಷನ್, ಹಿಂದೆ ಅಡುಗೆಮನೆಯಲ್ಲಿ ಅಮ್ಮ. ಅಪ್ಪ ಅಮ್ಮ ಬೇರೆಯಾಗಲಿಲ್ಲ; ಮಾತು ಬಿಟ್ಟರು, ಅಷ್ಟೆ. ಏಕೆ ಬಿಟ್ಟರೋ ಇವತ್ತಿಗೂ ಅವನಿಗೆ ಗೊತ್ತಿಲ್ಲ. "ಹೋಗಿ ಆ ಮನುಷ್ಯನಿಗೆ ಹೇಳು, ತಣ್ಣಗಾದ ಮೇಲೆ ಬಿಸಿ ಮಾಡಿಕೊಡೋಕೆ ನಾನೇನು ಇಲ್ಲಿ ಆಳಲ್ಲ" ಎನ್ನುತ್ತಿದ್ದಳು ಅಮ್ಮ. ಅವನು ಹೊರಡುತ್ತಿದ್ದ. ನಡುವಿನ ಬಾಗಿಲಲ್ಲಿ ಒಂದು ಗಳಿಗೆ ನಿಂತು ಮಾತನ್ನು ಬಾಯಲ್ಲಿ ಹೊರಳಿಸಿ, ಮುಳ್ಳು ತೆಗೆದು, ಮುಂದೆ ಹೋಗಿ ಹೇಳುತ್ತಿದ್ದ: "ಅಪ್ಪಾ, ಊಟ ಬಿಸಿ ಇದೆಯಂತೆ, ಈಗಲೇ ಬರಬೇಕಂತೆ." ಹಿಂದಿನಿಂದ ಅಮ್ಮ, "ಬಾಗಿಲಿಗೆ ಅಡ್ಡ ನಿಲ್ಲಬೇಡ, ಬೆಳಕು ಬರಲ್ಲ" ಎಂದು ಗದರುತ್ತಿದ್ದಳು. ವಿಚಿತ್ರವೆಂದರೆ, ಅವನು ಬಾಗಿಲು ದಾಟುವ ಮೊದಲೇ ಮಿಷನ್ನಿನ ಸದ್ದು ನಿಂತಿರುತ್ತಿತ್ತು. ಏಕೆ ಎಂದು ಆಗ ಕೇಳಿಕೊಂಡಿರಲಿಲ್ಲ. ತನ್ನ ಈ ಕಳ್ಳತನ ಯಾರಿಗೂ ಗೊತ್ತಿಲ್ಲವೆಂದು ಅವನು ಹೆಮ್ಮೆಯಿಂದ, ಸ್ವಲ್ಪ ಭಯದಿಂದ ಬೆಳೆದಿದ್ದ. ಈಗ ಬೇಲಿಯ ಆಚೆಯ ಹಳದಿ ಸೆರಗನ್ನು ನೋಡುತ್ತಾ ಅವನಿಗೆ ಹೊಳೆಯಿತು: ಬೇಲಿ ಎದೆಮಟ್ಟದ್ದು. ಆ ಅಪ್ಪನ ದನಿ ತನಗೇ ಇಷ್ಟು ಸ್ಪಷ್ಟವಾಗಿ ಕೇಳಿದ್ದರೆ, ಆಚೆ ಬದಿಯಲ್ಲೇ ನಿಂತ ಅವಳಿಗೆ?

"ಹಾಗಂದ್ರಾ?" ಎಂದು ಆ ತಾಯಿ ಕೇಳಿದ್ದು ಅವನಿಗೆ ಕೇಳಿಸಿತು. "ಆಯ್ತು, ಬರ್ತೀನಿ ಅಂತ ಹೇಳು." ಬೂಟುಗಳು ತಿರುಗಿದವು. ಹುಡುಗಿ ಈಚೆ ಬಂದಾಗ ಜಡೆಯಲ್ಲಿ ಒಂದು ಎಲೆ ಸಿಕ್ಕಿಕೊಂಡಿತ್ತು. ಅಪ್ಪ ಅದನ್ನು ತೆಗೆದು ಎಸೆದ.

ಫೋನು ಬಡಿದುಕೊಂಡಿತು. ಕಟ್ಟಡದ ಆರ್ಕಿಟೆಕ್ಟ್. "ಏನ್ರೀ, ಗಿಡದ ಮುಂದೆ ತಪಸ್ಸಿಗೆ ಕೂತಿದ್ದೀರಂತೆ? ನಾಯಿ ಅಂತೆ, ಗೊತ್ತಾಯ್ತು."

"ನಾಯಿ ಅಲ್ಲ. ಮಕ್ಕಳು."

"ಯಾರಾದ್ರೂ ಆಗ್ಲಿ. ಬೇಲಿ ಒಳಗೆ ಕಬ್ಬಿಣದ ಜಾಲರಿ ಕೂರಿಸಿ, ಹೊರಗೆ ಕಾಣಲ್ಲ. ನರ್ಸರಿಯವನ ಗಿಡ ಸರಿಯಿಲ್ಲ ಅಂತ ಬರೆದು ಕೈ ತೊಳ್ಕೊಳ್ಳಿ. ಆಸ್ಪತ್ರೆ ಅಂಗಳದ ಕೆಲಸಕ್ಕೆ ನಿಮ್ಮ ಹೆಸರೇ ಹೇಳಿದ್ದೀನಿ, ಮರೀಬೇಡಿ."

"ಅವನ ಗಿಡ ಸರಿಯಾಗೇ ಇದೆ. ನನ್ನ ದಾರಿ ಸರಿಯಿಲ್ಲ."

"ನೋಡಿ, ಡಿಸೈನ್ ತಪ್ಪು ಅಂತ ನೀವು ಬರೆದ್ರೆ ಅದು ನಿಮ್ಮ ದಾರಿ ಹತ್ರಾನೇ ನಿಲ್ಲಲ್ಲ, ಕಟ್ಟಡಕ್ಕೂ ಬರುತ್ತೆ. ಮನೆಗೆ ಹೋಗಿ ಕಾಫಿ ಕುಡಿದು ಯೋಚನೆ ಮಾಡಿ. ಆಮೇಲೆ ಫೋನ್ ಮಾಡಿ."

ಬಸ್ಸಿನ ಕಿಟಕಿಯ ಪಕ್ಕ ಕೂತು ಅವನು ಯೋಚನೆ ಮಾಡಿದ್ದು ಕಾಫಿಯ ಬಗ್ಗೆಯೂ ಅಲ್ಲ, ಆಸ್ಪತ್ರೆಯ ಬಗ್ಗೆಯೂ ಅಲ್ಲ ಎಂದರೆ ಸುಳ್ಳಾಗುತ್ತದೆ. ಆಸ್ಪತ್ರೆಯ ಬಗ್ಗೆ ಯೋಚಿಸಿದ. ಅಷ್ಟು ದೊಡ್ಡ ಅಂಗಳ ಅವನ ಕೈಗೆ ಎಂದೂ ಬಂದಿರಲಿಲ್ಲ. ಸಂದನ್ನು ಹಾಗೇ ಬಿಡಿ ಎಂದು ಬರೆದರೆ, ಆ ಹುಡುಗಿಯ ಮೇಲೆ ಆ ಕೆಲಸವನ್ನು ತಾನೇ ಹೊರಿಸಿದಂತಾಗುವುದಿಲ್ಲವೇ ಎಂದೂ ಯೋಚಿಸಿದ. ದಾರಿ ಇದೆ ಎಂದ ಮೇಲೆ ಯಾರಾದರೂ ನಡೆಯಲೇಬೇಕಾಗುತ್ತದೆ. ದೊಡ್ಡವರಿಬ್ಬರ ಮಾತಿನ ಮುಳ್ಳು ಕೀಳುವುದು ಮಗುವಿನ ಕೆಲಸವೇ? ಜಾಲರಿ ಹಾಕಿದರೆ ಆ ಅಪ್ಪ, ಆ ಅಮ್ಮ ನೇರ ಮಾತಾಡುತ್ತಾರೋ ಏನೋ. ಇಲ್ಲ, ಜಾಲರಿ ಹಾಕಿದರೆ ಅವಳು ಗೇಟಿನವರೆಗೆ ಓಡಿ ಸುತ್ತಿ ಬರುತ್ತಾಳೆ, ಅಷ್ಟೆ. ತಾನಾಗಿದ್ದರೆ ಓಡುತ್ತಿದ್ದೆ. ಇಳಿಯಬೇಕಾದ ಸ್ಟಾಪು ದಾಟಿಹೋಗಿ ಹಿಂದಕ್ಕೆ ನಡೆದು ಬಂದ.

ಅಮ್ಮ ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಬಿಡಿಸುತ್ತಾ ಕೂತಿದ್ದಳು. ಈಗ ಕಿವಿ ಮಂದ, ಅವಳೊಂದಿಗೆ ಗುಟ್ಟಿನ ಮಾತು ಸಾಧ್ಯವೇ ಇಲ್ಲ. ಏನು ಕೇಳಿದರೂ ಮಹಡಿಯವರಿಗೆಲ್ಲ ತಿಳಿಯುತ್ತದೆ. ಅವನು ಕುರ್ಚಿ ಎಳೆದು ಕೂತು ಒಂದು ಕಾಯಿ ಎತ್ತಿಕೊಂಡ.

"ಅಮ್ಮಾ, ಚಿಕ್ಕವನಿದ್ದಾಗ ನೀನು ಹೇಳಿ ಕಳಿಸಿದ್ದನ್ನ ನಾನು ಅಪ್ಪನಿಗೆ ಬದಲಾಯಿಸಿ ಹೇಳ್ತಿದ್ದೆ. ಗೊತ್ತಿತ್ತಾ ನಿಂಗೆ?"

"ಏನಂದೆ?"

"ಬದಲಾಯಿಸಿ ಹೇಳ್ತಿದ್ದೆ!" ಪಕ್ಕದ ಕೋಣೆಯಲ್ಲಿ ಹೆಂಡತಿ ಏನೋ ಮಾಡುತ್ತಿದ್ದ ಸದ್ದು ನಿಂತಿತು.

ಅಮ್ಮ ಅವನನ್ನು ನೋಡಿ ಬೊಚ್ಚುಬಾಯಲ್ಲಿ ನಕ್ಕಳು. "ಗೊತ್ತಿರದೆ ಏನು? ಅದೇನು ಕೋಟೆ ಗೋಡೆನಾ? ಆಗ ನನ್ನ ಕಿವಿ ಚೆನ್ನಾಗಿತ್ತು ಕಣೋ. ನೀನಲ್ಲಿ ಹೇಳಿದ್ದೆಲ್ಲ ಒಲೆ ಹತ್ರ ಕೇಳಿಸ್ತಿತ್ತು. ನಾನು ಬೈದಿದ್ದು ಅವರಿಗೂ ಕೇಳಿಸ್ತಿತ್ತು. ನಾನು ಬಾಯಿ ತೆಗೆದ್ರೆ ಸಾಕು, ಮಿಷನ್ ನಿಲ್ಲಿಸಿಬಿಡ್ತಿದ್ರು."

ಅವನ ಕೈಯ ಕಾಯಿ ಬಿರಿದು ಕಾಳುಗಳು ಮೇಜಿನ ಮೇಲೆ ಉರುಳಿದವು. "ಮತ್ತೆ ನನ್ನ ಯಾಕೆ ಓಡಾಡಿಸಿದ್ರಿ ಇಬ್ಬರೂ?"

ಅಮ್ಮ ಉರುಳಿದ ಕಾಳುಗಳನ್ನು ಒಂದೊಂದಾಗಿ ಒತ್ತಿ ಹಿಡಿದು ಬಟ್ಟಲಿಗೆ ಹಾಕಿದಳು. ಕೇಳಿಸಲಿಲ್ಲವೇನೋ ಎಂದುಕೊಂಡ.

"ನೀನು ಹೇಳ್ತಿದ್ದದ್ದು ಕೇಳೋಕೆ ಚೆನ್ನಾಗಿರ್ತಿತ್ತು" ಎಂದಳು. "ನಮಗೆ ಹಾಗೆ ಹೇಳೋಕೆ ಬರ್ತಿರಲಿಲ್ಲ." ಮತ್ತೆ ಸ್ವಲ್ಪ ಹೊತ್ತಿನ ಮೇಲೆ, ಅವನ ಮುಖ ನೋಡದೆ, "ಕಷ್ಟ ಆಗ್ತಿತ್ತಾ ನಿಂಗೆ?" ಎಂದು ಕೇಳಿದಳು. ಇಷ್ಟು ವರ್ಷಗಳಲ್ಲಿ ಅವಳು ಹಾಗೆ ಕೇಳಿರಲಿಲ್ಲ.

ಕಷ್ಟವಾಗುತ್ತಿತ್ತೇ? ಅವನಿಗೆ ನಿಜಕ್ಕೂ ತಿಳಿಯಬೇಕೆನ್ನಿಸಿತು. ಬೇರೆಯವರ ವಿಷಯ ಕೇಳಿದವನಂತೆ ಯೋಚಿಸಿದ. ಓಡಾಟ ನೆನಪಾದಾಗ ಕಾಲು ನೋಯಲಿಲ್ಲ. ನೋಯುತ್ತಿದ್ದದ್ದು ಬೇರೆ ಕಡೆ. "ಓಡಾಡೋದು ಕಷ್ಟ ಇರಲಿಲ್ಲಮ್ಮಾ" ಎಂದ, ಜೋರಾಗಿ. "ನಡುವೆ ನಿಂತು ಯೋಚನೆ ಮಾಡೋಕೆ ನೀವು ಬಿಡ್ತಿರಲಿಲ್ಲ. ಬಾಗಿಲಿಗೆ ಅಡ್ಡ ನಿಲ್ಲಬೇಡ ಅಂತಿದ್ರಿ." ಅಮ್ಮನ ಬೆರಳುಗಳು ಸಿಪ್ಪೆಗಳ ನಡುವೆ ಸುಮ್ಮನಾದವು.

ಅವನು ಎದ್ದು ನಡುಮನೆಗೆ ಹೋಗಿ ಫೋನು ಮಾಡಿದ. ಗಿಡಗಳದ್ದೂ ನರ್ಸರಿಯವನದ್ದೂ ತಪ್ಪಿಲ್ಲ, ದಾರಿ ಒಂದೇ ಇಟ್ಟದ್ದು ತನ್ನ ತಪ್ಪು ಎಂದು ಬರೆಯುತ್ತಿದ್ದೇನೆ, ಜಾಲರಿ ಬೇಡ ಎಂದ. "ಆಯ್ತು" ಎಂದ ಕಟ್ಟಡದ ಆರ್ಕಿಟೆಕ್ಟ್, ಬೇಸರವೂ ಇಲ್ಲದ ದನಿಯಲ್ಲಿ. "ಆಸ್ಪತ್ರೆಯದು ಬೇರೆಯವರು ನೋಡ್ಕೋತಾರೆ ಬಿಡಿ." ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮೇಜಿನ ಮೇಲಿದ್ದ ಬಟ್ಟೆಗಳನ್ನು ಎತ್ತಿ ಅವನ ಕಾಗದಕ್ಕೆ ಜಾಗ ಮಾಡಿಕೊಟ್ಟಳು.

ಬರೆದು ಸಹಿ ಹಾಕಿದ ಮೇಲೆ ಹಳೆಯ ನಕ್ಷೆ ಬಿಚ್ಚಿದ. ಬೇಲಿಯ ಹಿಂದಿನ ಕಾಲ್ದಾರಿಯನ್ನೂ ಗೆರೆ ಎಳೆದು ಸೇರಿಸಿದ. ಬೆಂಚುಗಳನ್ನು ಬೆನ್ನುಬೆನ್ನಿಗೆ ತಿರುಗಿಸಿದ. ಬೇಲಿಯಲ್ಲಿ ಸಂದಿದ್ದ ಕಡೆ ಗಿಡಗಳ ಗುರುತನ್ನು ಅಳಿಸಿ, ಒಬ್ಬ ಸಣ್ಣ ಮನುಷ್ಯ ಬಗ್ಗದೆ ಹಾಯುವಷ್ಟು ಅಗಲ, ಎತ್ತರ ಬಿಟ್ಟ. ಆಮೇಲೆ ಪೆನ್ಸಿಲ್ ಹಿಡಿದು ತುಂಬ ಹೊತ್ತು ಕೂತಿದ್ದು, ಅದರ ನಟ್ಟನಡುವೆ ಒಂದು ಚಪ್ಪಟೆ ಕಲ್ಲು ಬರೆದ. ಎರಡು ಪುಟ್ಟ ಬೂಟು ಹಿಡಿಸುವಷ್ಟು. ಇಲ್ಲಿ ಯಾರಾದರೂ ನಿಂತಿದ್ದರೆ ಸರಿಯಲು ಹೇಳಬಾರದು ಎಂದು ಪಕ್ಕದಲ್ಲಿ ಸಣ್ಣಗೆ ಬರೆದ.